ಎಂಟು ಪಾಲಿನ ಮನೆ

ಕಳೆದ ಬೇಸಿಗೆ ರಜೆಯಲ್ಲಿ ತವರಿಗೆ ಹೋದಾಗ ಪಡಸಾಲೆಯಲ್ಲಿ ಅಪರಿಚಿತರೊಬ್ಬರು ಟೇಪು ಹಿಡಿದು ಕಂಬಗಳನ್ನು ಅಳೆಯುತ್ತಿದ್ದರು. ಹಳೆಯ ಮರ ಕೊಳ್ಳುವ ವ್ಯಾಪಾರಿ. ಬಾಗಿಲಿಗೆ ಇಷ್ಟು, ಕಂಬಕ್ಕೆ ಇಷ್ಟು, ಹಲಗೆಗೆ ಅಡಿ ಲೆಕ್ಕದಲ್ಲಿ ಇಷ್ಟು ಎಂದು ಬರೆದುಕೊಳ್ಳುತ್ತಿದ್ದರು. ಉಮ್ಮ ಮೂಲೆಯಲ್ಲಿ ಕುಳಿತು ತಸ್ಬೀಹ್ ತಿರುಗಿಸುತ್ತಿದ್ದರು. "ಕೋಳಿ ಅಂಗಳದಲ್ಲಿ ಓಡಾಡುತ್ತಿರುವಾಗಲೇ ತೂಕಕ್ಕೆ ಹಾಕಿದ ಹಾಗಾಯಿತು" ಎಂದರು, ಅಷ್ಟೇ.

ದಕ್ಷಿಣ ಕನ್ನಡದ ಒಂದು ಹಳ್ಳಿಯ, ನನ್ನ ತಂದೆಯ ಅಜ್ಜ ಕಟ್ಟಿಸಿದ ಮನೆ ಅದು. ಕಂಬ, ಬಾಗಿಲುಗಳು ಹಲಸಿನ ಮರದವು. ಹೊಸದರಲ್ಲಿ ಹಳದಿಯಾಗಿದ್ದ ಮರ ಈಗ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮರ ಕಡಿದ ಕೂಡಲೇ ಕೆಲಸಕ್ಕೆ ಹಚ್ಚುತ್ತಿರಲಿಲ್ಲ, ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಹುಳುಗಳನ್ನು ಕರೆಯುವ ಪಿಷ್ಟ, ರಸವೆಲ್ಲ ನೀರಿಗೆ ಹೋಗಲಿ ಎಂಬುದು ಲೆಕ್ಕ. ಗೆದ್ದಲಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಅಡುಗೆ ಮನೆಯ ಹೊಗೆಯೂ ಪಕ್ಕಾಸುಗಳನ್ನು ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲುಗಾರ ಹೋದ. (ನಾನೇನೂ ಹೊಗೆ ಒಲೆಯನ್ನು ಮರಳಿ ಬಯಸುವವಳಲ್ಲ. ಉಮ್ಮನ ಕಣ್ಣು ಹಾಳಾದದ್ದು ಅದರಿಂದಲೇ.)

ಆ ಮನೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಮುಚ್ಚಿಗೆ. ತೊಲೆಗಳ ಮೇಲೆ ಒತ್ತೊತ್ತಾಗಿ ಹಲಗೆ ಹಾಸಿ, ಅದರ ಮೇಲೆ ಮಣ್ಣು ಮೆತ್ತಿದ ಮರದ ಸೂರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡು. ಹುಲ್ಲಿಗೆ ಬೆಂಕಿ ಬಿದ್ದರೂ ಈ ಮಣ್ಣಿನ ಪದರ ಅದನ್ನು ಕೆಳಗಿಳಿಯದಂತೆ ತಡೆಯುತ್ತಿತ್ತು. ಹಂಚು ಬಂದ ಮೇಲೂ ಮುಚ್ಚಿಗೆ ಉಳಿಯಿತು, ಏಪ್ರಿಲಿನ ಸೆಕೆಯನ್ನು ಮೇಲೆಯೇ ನಿಲ್ಲಿಸುತ್ತದೆಯಲ್ಲ! ಫ್ಯಾನ್ ಇಲ್ಲದ ಕಾಲದ ರಮಝಾನ್ ಮಧ್ಯಾಹ್ನಗಳನ್ನು ನಾವೈವರು ಮಕ್ಕಳು ಅದರಡಿಯಲ್ಲಿ ಮಲಗಿ ಕಳೆದವರು.

ತಂದೆ ತೀರಿಕೊಂಡ ಮೇಲೆ ಮನೆ ಪಾಲಾಗಿರಲಿಲ್ಲ. ಕಿರಿಯ ತಮ್ಮ ಮರ ಮಾರೋಣ ಎಂದ. ಹಿರಿಯಣ್ಣ, "ಇದು ಹಿರಿಯರ ಪರಂಪರೆ, ಮುಟ್ಟಬಾರದು, ಯಾರೂ ಪಾಲು ಕೇಳಬಾರದು" ಎಂದ. ಮೊದಲ ಮಾತು ಕೇಳಿ ನನಗೆ ಸಂತೋಷವಾಗಿತ್ತು. ಆಗ ಕೊನೆಯ ತಂಗಿ, ಗಂಡನ ಗಲ್ಫ್ ಕೆಲಸ ಹೋಗಿ ಎರಡು ವರ್ಷವಾದವಳು, "ಹಾಗಾದರೆ ನನ್ನದು?" ಎಂದು ಮೆಲ್ಲನೆ ಕೇಳಿದಳು. ಯಾರೂ ಉತ್ತರಿಸಲಿಲ್ಲ.

ಸಹೋದರಿಯರೇ, ನಮ್ಮ ಲೆಕ್ಕ ಬಹಳ ಸರಳ. ತಾಯಿಗೆ ಎಂಟನೇ ಒಂದು. ಉಳಿದ ಏಳರಲ್ಲಿ ಇಬ್ಬರು ಗಂಡುಮಕ್ಕಳಿಗೆ ಎರಡೆರಡು, ಮೂವರು ಹೆಣ್ಣುಮಕ್ಕಳಿಗೆ ಒಂದೊಂದು. ಬಿಟ್ಟುಹೋದದ್ದು ಕಡಿಮೆಯಿರಲಿ, ಹೆಚ್ಚಿರಲಿ ಹೆಣ್ಣಿಗೂ ಪಾಲಿದೆ ಎಂದು ಸೂರಃ ಅನ್ನಿಸಾದಲ್ಲಿದೆ. ಚೆಂದದ ಕೆತ್ತನೆಯಿದ್ದರೆ ಪಾಲಿಲ್ಲ ಎಂದು ಎಲ್ಲಿಯೂ ಇಲ್ಲ. ಪರಂಪರೆ ಎಂಬ ದೊಡ್ಡ ಶಬ್ದದ ಹಿಂದೆ ತಂಗಿಯ ಹಕ್ಕನ್ನು ಬಚ್ಚಿಡುವುದಾದರೆ, ಆ ಮನೆ ಗೆದ್ದಲಿಗೆ ಹೋಗುವುದೇ ಲೇಸು ಎಂದು ನಾನು ಸಿಟ್ಟಿನಲ್ಲಿ ಹೇಳಿಬಿಟ್ಟೆ.

ಆದರೆ ವ್ಯಾಪಾರಿಯ ಪಟ್ಟಿಯೂ ನ್ಯಾಯದ ಬೆಲೆಯಲ್ಲ. ಅವರು ಬರೆದದ್ದು ಮರದ ಬೆಲೆ. ಮೊಳೆ ಬಳಸದೆ ಗೂಡು, ಕೂಸು ಕೂರಿಸಿ ಮರದ ಬೆಣೆ ಹೊಡೆದ ಜೋಡಣೆಗೆ ಅದರಲ್ಲಿ ಕಾಲಂ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (2017ರಲ್ಲಿ ತೀರಿಕೊಂಡರು) ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದವರಿಗೆ ಇದು ತಿಳಿದೀತು. ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಜೋಡಿಸಿದ್ದಾರೆ. ಭಟ್ಕಳದ ನವಾಯತ ಮುಸ್ಲಿಮರ ಮನೆಯೊಂದೂ ಇದೆ. ಅದರೊಳಗೆ ನಿಂತಾಗ ನನಗೆ ಹೆಮ್ಮೆಯೂ ಆಯಿತು, ಏನೋ ಕಸಿವಿಸಿಯೂ ಆಯಿತು. ಎಲ್ಲವೂ ಇತ್ತು, ಅಡುಗೆಯ ವಾಸನೆ ಇರಲಿಲ್ಲ. ಮರದ ಮನೆಯನ್ನು ಅದರ ಊರಿನಲ್ಲೇ, ಜನ ವಾಸವಿರುವಂತೆಯೇ ಉಳಿಸಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಬಾಗಿಲು ಹಾಕಿಟ್ಟರೆ, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮೂರಲ್ಲಿ, ಒಡೆದ ಒಂದೇ ಹಂಚು ಸಾಕು.

ಮದ್ರಸಾದಲ್ಲಿ ಫರಾಯಿಝ್ ಓದುವಾಗ 'ತಖಾರುಜ್' ಎಂಬ ಪದ ಬಂದಿತ್ತು. ವಾರೀಸುದಾರರಲ್ಲೊಬ್ಬರು ಒಪ್ಪಿತ ಮೊತ್ತ ಪಡೆದು, ಸ್ವಂತ ಇಚ್ಛೆಯಿಂದ ಆಸ್ತಿಯ ಪಾಲಿನಿಂದ ಹೊರಬರುವುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಪದವನ್ನು ಮೊದಲ ಬಾರಿಗೆ ಮನೆಯೊಳಗೆ ಹೇಳಿದೆ. ಮನೆಯನ್ನು ಇಟ್ಟುಕೊಳ್ಳಬಯಸುವ ಅಣ್ಣ ಅದರ ಪೂರ್ತಿ ಬೆಲೆ ಕಟ್ಟಿಸಲಿ, ಉಳಿದವರ ಪಾಲು ಕೊಡಲಿ. ಕಂತಾದರೂ ಸರಿ, ಆದರೆ ಬರಹದಲ್ಲಿರಲಿ, ಸಾಕ್ಷಿಗಳಿರಲಿ, ನೋಂದಣಿಯಾಗಲಿ. "ತಂಗಿಯರಿಗೆ ಕಾಗದವೇ?" ಎಂದು ಅಣ್ಣ ಮುನಿಸಿಕೊಂಡ. ಎರಡು ವಾರ ಫೋನ್ ಇಲ್ಲ.

ಕೊನೆಗೆ ಒಪ್ಪಿದ. ಮೊದಲ ಕಂತು ಕೊನೆಯ ತಂಗಿಗೆ ಎಂದು ಉಮ್ಮ ತೀರ್ಮಾನಿಸಿದರು. ವ್ಯಾಪಾರಿಯ ಮುಂಗಡ ಹಿಂದಕ್ಕೆ ಹೋಯಿತು. ಮಳೆಗೆ ಮುಂಚೆ ಹಂಚು ತೆಗೆದು ಮರಳಿ ಹೊದಿಸಿ, ಕುಂಬಾದ ನಾಲ್ಕು ಪಕ್ಕಾಸು ಬದಲಿಸಿದೆವು. ಎಲ್ಲರ ಹಣ ಇನ್ನೂ ಸಂದಾಯವಾಗಿಲ್ಲದ ಕಾರಣ ಆ ಖರ್ಚನ್ನೂ ಎಂಟು ಪಾಲು ಮಾಡಿದೆವು. ತನ್ನ ಪಾಲಿನ ಹಣವನ್ನು ಎಣಿಸಿ ಮೊದಲು ಮುಂದಿಟ್ಟವಳು ಕೊನೆಯ ತಂಗಿಯೇ.