ಪಾಕಸ್ಪರ್ಧೆಗೆ ತೀರ್ಪುಗಾರರಾಗಿ ಹೋಗುವವರಿಗೆ

ಕೃಷಿ ಇಲಾಖೆಯವರು ಜಿಲ್ಲೆಗಳಲ್ಲಿ ನಡೆಸುವ ಸಿರಿಧಾನ್ಯ ಮತ್ತು ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆಗೆ ನಮ್ಮ ಬೆಳೆಗಾರ ಬಾಂಧವರಲ್ಲಿ ಕೆಲವರಿಗೆ ತೀರ್ಪುಗಾರರಾಗಿ ಕರೆ ಬರಬಹುದು. ಉಣ್ಣಲು ಬಾರದವರುಂಟೇ ಎಂದು ಹಗುರವಾಗಿ ಹೋಗಬಾರದೆಂಬುದು ನಮ್ಮ ಅಭಿಪ್ರಾಯ.

ಭೀಮಸಮುದ್ರದ ಅಡಿಕೆ ಪೇಟೆಯಲ್ಲಿ ಒಬ್ಬರ ಮಾಲನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡುವುದು ನಮಗೆ ರೂಢಿ. ಅಡುಗೆಯ ಮುಂದೆ ಆ ಕಣ್ಣು ನಡೆಯದು. ಸಾಮೆಯ ಬಿಸಿಬೇಳೆಬಾತಿಗೂ ನವಣೆಯ ಹೋಳಿಗೆಗೂ ಎಲ್ಲಿಯ ಹೋಲಿಕೆ? ಒಂದೊಂದನ್ನೂ ಅದರ ಗುಣದ ಮೇಲೆಯೇ ಅಳೆದು ಅಂಕ ಬರೆಯಬೇಕು. ಕೆಂಡದ ಮೇಲೆ ಬೇಯಿಸಿದ ಮಾಂಸದ ಸ್ಪರ್ಧೆಗಳಿಗಾಗಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1985ರಲ್ಲಿ ಹುಟ್ಟಿದ ಸಂಘದ ನಿಯಮವೂ ಇದೇ. ಅಲ್ಲಿ ನೋಟ, ರುಚಿ, ಮೃದುತ್ವಗಳಿಗೆ ಬೇರೆ ಬೇರೆ ಅಂಕ. ಬೇಯಿಸಿದವರ ಹೆಸರು ತೀರ್ಪುಗಾರನಿಗೆ ತಿಳಿಯದು. ನಮ್ಮಲ್ಲಿ ಎಷ್ಟೋ ಕಡೆ ಮಾಡಿದವರು ತಟ್ಟೆಯ ಹಿಂದೆಯೇ ನಿಂತಿರುತ್ತಾರೆ, ಅವರಲ್ಲೊಬ್ಬರು ಪರಿಚಿತರ ಮನೆಯವರು! ತಟ್ಟೆಗಳಿಗೆ ಬರೀ ಸಂಖ್ಯೆ ಹಚ್ಚಿರೆಂದು ಮೊದಲೇ ಕೇಳಿಕೊಳ್ಳಿ, ಸಂಕೋಚ ಬೇಡ.

ಒಂದು ತುತ್ತಿಗಿಂತ ಹೆಚ್ಚು ತಿನ್ನಬೇಡಿ. ಕಾಫಿಯ ರುಚಿ ನೋಡುವವರು ಗುಟುಕನ್ನು ಉಗುಳುವುದನ್ನು ಬಲ್ಲಿರಷ್ಟೆ. ಮೊದಲ ನಾಲ್ಕು ತಟ್ಟೆಗಳಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಇಪ್ಪತ್ತನೆಯವಳಿಗೆ ಅನ್ಯಾಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಮುಂಜಾನೆಯ ಬಸ್ಸು ಹಿಡಿದು, ಡಬ್ಬಿ ಹೊತ್ತು ದುರ್ಗಕ್ಕೆ ಬಂದ ಹೆಣ್ಣುಮಗಳು ಅವಳು. ತಾನು ಮಾಡಿದ್ದನ್ನು ಮನೆಯ ಹೊರಗಿನವರು ತೂಗಿ ನೋಡುವುದು ಅವಳಿಗೆ ಅದೇ ಮೊದಲಿರಬಹುದು. ಆರಿದ ಅಡುಗೆಗೆ ಅಂಕ ಕಡಿಯುವ ಮುನ್ನ, ಅದನ್ನು ಕಾಯಿಸಿದ್ದು ನಮ್ಮ ಸರದಿಯೇ ಅಲ್ಲವೇ ಎಂದು ನೋಡಿ.

ಅಂದು ಬೆಳಗಿನಿಂದ ಎಲೆಯಡಿಕೆ ಮುಟ್ಟಬೇಡಿ. ಅಡಿಕೆ ಬೆಳೆದವರೇ ಹೀಗೆನ್ನುವುದು ವಿಚಿತ್ರ. ಆದರೆ ಅದರ ಒಗರು ಬೇಗ ನಾಲಿಗೆ ಬಿಡದು. ತಟ್ಟೆ ತಟ್ಟೆಯ ನಡುವೆ ನೀರು ಕುಡಿಯಿರಿ. ಅಂಕದ ಹಾಳೆ ಒಪ್ಪಿಸುವತನಕ ಪಕ್ಕದ ತೀರ್ಪುಗಾರರೊಡನೆ ಪಿಸುಮಾತೂ ಬೇಡ.