ಕಾರ್ಡ್ ಕೇಳೋ ಜಗಲಿ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಮುಗಿಸಿ ಅಪ್ಪ-ಅಮ್ಮ ಹೊರದೇಶದ ಮಗನ ಮನೆಗೋ ಮಗಳ ಮನೆಗೋ ಹೊರಡೋದು ಈಗ ಹೊಸ ಸುದ್ದಿ ಅಲ್ಲ. ವೀಸಾ ಬಗ್ಗೆ, ಉಪ್ಪಿನಕಾಯಿ ಪ್ಯಾಕ್ ಮಾಡೋ ಬಗ್ಗೆ ಊರೆಲ್ಲ ಸಲಹೆ ಕೊಡತ್ತೆ. ವಿಮಾನ ಹತ್ತೋ ಮುಂಚಿನ ಮೂರು ನಾಲ್ಕು ತಾಸು ಎಲ್ಲಿ ಕೂರ್ಬೇಕು ಅಂತ ಮಾತ್ರ ಯಾರೂ ಹೇಳಲ್ಲ. ಈ ವಾರ ಅದೇ ವಿಷಯ: ವಿಮಾನ ನಿಲ್ದಾಣದ ಲೌಂಜ್.

ಸೋಗಾನೆಯಲ್ಲಿ 2023ರಲ್ಲಿ ಕುವೆಂಪು ಹೆಸರಿನ ನಿಲ್ದಾಣ ಶುರುವಾದರೂ ಅಲ್ಲಿಂದ ಹಾರೋದು ದೇಶದೊಳಗಿನ ವಿಮಾನ. ಹೊರದೇಶಕ್ಕೆ ಹೆಚ್ಚಿನವರು ದೇವನಹಳ್ಳಿಗೇ ಹೋಗ್ಬೇಕು. ಅಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬಂದಿವೆ. ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು, ನೋಡೋಕೆ ಚಂದ. ಲೌಂಜ್‌ಗೆ ಬೆಂಗಳೂರಿನ ಎಸ್‌ಟಿಡಿ ಕೋಡನ್ನೇ ಹೆಸರಾಗಿ ಇಟ್ಟಿದ್ದಾರೆ, 080 ಅಂತ. ಮೆತ್ತನೆ ಕುರ್ಚಿ, ಬಿಸಿ ಊಟ, ಕಾಫಿ. ಗಲಾಟೆ ಕಡಿಮೆ.

ಮೊದಲೆಲ್ಲ ಲೌಂಜ್ ಅಂದ್ರೆ ವಿಮಾನ ಕಂಪನಿಯವರು ದುಬಾರಿ ಟಿಕೆಟ್‌ನವರಿಗೆ ಇಟ್ಟ ಕೋಣೆ. ಈಗಲೂ ಅಂಥವು ಇವೆ. ಸಿಂಗಪುರ ಏರ್‌ಲೈನ್ಸ್ ಚಾಂಗಿಯ ಮೂರನೇ ಟರ್ಮಿನಲ್‌ನ ತನ್ನ ಲೌಂಜ್‌ಗಳನ್ನ ಸುಮಾರು 5 ಕೋಟಿ ಸಿಂಗಪುರ ಡಾಲರ್ ಖರ್ಚು ಮಾಡಿ 2022ರಲ್ಲಿ ಹೊಸದಾಗಿ ತೆರೆಯಿತು. ಅಲ್ಲಿ ಕ್ರೆಡಿಟ್ ಕಾರ್ಡ್ ತೋರಿಸಿ ಒಳಗೆ ಹೋಗೋಕಾಗಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ಇನ್ನೊಂದು ಬಗೆ, ಬ್ಯಾಂಕ್ ಕಾರ್ಡಿನ ಲೌಂಜ್. ಬಾಗಿಲಲ್ಲಿ ಕಾರ್ಡ್ ಉಜ್ಜಿದರೆ ಎರಡು ರೂಪಾಯಿ ಕಟ್ಟಾಗಬಹುದು. ಉಳಿದ ದುಡ್ಡು ಬ್ಯಾಂಕಿನ ಕಡೆಯಿಂದ ಲೌಂಜ್‌ಗೆ ಹೋಗತ್ತೆ. ಜನ ಮುಗಿಬಿದ್ದ ಮೇಲೆ ಬ್ಯಾಂಕ್‌ಗಳೂ ಕೈ ಬಿಗಿ ಮಾಡಿವೆ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ರೆ ಮಾತ್ರ ಪ್ರವೇಶ ಅಂತ ಎಷ್ಟೋ ಕಾರ್ಡ್‌ಗಳಿಗೆ ಷರತ್ತು ಬಂದಿದೆ.

ತೊಡಕು ಇರೋದೇ ಇಲ್ಲಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು, ಮಂಡಿನೋವು ಹಿಡಿದ ಅರವತ್ತೈದರ ಅಮ್ಮನಿಗೆ ಕಾಲು ನೀಡೋಕೆ ಜಾಗ ಬೇಕು. ಆದರೆ ಕಾರ್ಡ್ ಇರೋದು ಮೂವತ್ತು ವರ್ಷದ ಮಗನ ಹತ್ತಿರ. ಬೋರ್ಡಿಂಗ್ ಪಾಸ್ ಹೆಸರೂ ಕಾರ್ಡಿನ ಹೆಸರೂ ಒಂದೇ ಇರ್ಬೇಕು, ಹಾಗಾಗಿ ಮಗನ ಕಾರ್ಡ್ ಅಮ್ಮನಿಗೆ ನಡೆಯಲ್ಲ. ದಣಿವಿಗೆ ಸಿಗಬೇಕಾದ ಕುರ್ಚಿ ಖರ್ಚಿಗೆ ಸಿಗತ್ತೆ.

ನಮ್ಮ ಕಡೆ ಜಗಲಿ ಹತ್ತಿದವರಿಗೆ ಮೊದಲು ಬೆಲ್ಲ, ನೀರು. 'ಆಸ್ರಿಗೆ ಏನಾದ್ರೂ ಬೇಕಾ' ಅಂತ ಕೇಳಿದ ಮೇಲೇ ಯಾರು, ಎಲ್ಲಿಂದ ಬಂದ್ರಿ ಅನ್ನೋ ಮಾತು. ವಿಮಾನ ನಿಲ್ದಾಣ ಅಷ್ಟೆಲ್ಲ ಮಾಡ್ಬೇಕು ಅಂತ ನಾನು ಹೇಳಲ್ಲ. ಲೌಂಜ್ ಒಂದು ವ್ಯಾಪಾರ, ಇರಲಿ. ಆದರೆ ಅದೇ ಚಾಂಗಿಯಲ್ಲಿ ಲೌಂಜ್ ಹೊರಗೂ ಎಲ್ಲ ಪ್ರಯಾಣಿಕರಿಗೂ ಪುಕ್ಕಟೆಯಾಗಿ ಒರಗಿ ಮಲಗೋ ಕುರ್ಚಿಗಳಿವೆ. ಒಳಗಿನ ಸೋಫಾ ಎಷ್ಟು ಮೆತ್ತಗಿದೆ ಅನ್ನೋದಕ್ಕಿಂತ ಹೊರಗಿನ ಬೆಂಚಲ್ಲಿ ಬೆನ್ನು ಚಾಚಬಹುದಾ ಅನ್ನೋದರಿಂದಲೇ ನಾನು ನಿಲ್ದಾಣವನ್ನ ಅಳೆಯೋದು.

ಅಲ್ಲಿಯವರೆಗೆ ಮಕ್ಕಳು ಮಾಡಬಹುದಾದ್ದು ಇಷ್ಟು. ಅಪ್ಪ, ಅಮ್ಮ ಇಬ್ಬರ ಹೆಸರಿಗೂ ಆ್ಯಡ್-ಆನ್ ಕಾರ್ಡ್ ಸಿಗತ್ತಾ, ಅದಕ್ಕೂ ಲೌಂಜ್ ಸೌಲಭ್ಯ ಇದೆಯಾ ಅಂತ ಬ್ಯಾಂಕಲ್ಲಿ ಕೇಳಿ. ದೇಶದೊಳಗಿನ ಲೌಂಜ್‌ಗೆ ನಡೆಯೋ ಕಾರ್ಡ್ ಅಂತಾರಾಷ್ಟ್ರೀಯ ಲೌಂಜ್‌ಗೆ ನಡೀದೇ ಇರಬಹುದು, ಅದನ್ನೂ ವಿಚಾರಿಸಿ. ಕಾರ್ಡ್ ಇಲ್ಲದಿದ್ದರೆ ದುಡ್ಡು ಕೊಟ್ಟು ಹೋಗೋ ಲೌಂಜ್‌ಗಳೂ ಇವೆ. ಇಮಿಗ್ರೇಷನ್, ಸೆಕ್ಯುರಿಟಿ ಮುಗಿದ ಮೇಲೇ ಲೌಂಜ್ ಅಂತ ಮೊದಲೇ ಹೇಳಿಡಿ. ನಡೆಯೋದು ಕಷ್ಟ ಇದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಎಷ್ಟೋ ಲೌಂಜ್‌ಗಳಲ್ಲಿ ವಿಮಾನದ ಹೆಸರು ಕೂಗಲ್ಲ. ಮೊಬೈಲಲ್ಲಿ ಅಲಾರಂ ಇಟ್ಟುಕೊಡಿ.

ಇನ್ನೊಂದು ಮಾತು. 'ಅದೆಲ್ಲ ನಮ್ಮಂಥೋರಿಗಲ್ಲ ಮಾರಾಯ' ಅಂತ ಅಪ್ಪ ಬಾಗಿಲಿಂದಲೇ ವಾಪಸ್ ಬರಬಹುದು. ಕಾರ್ಡ್ ಕೊಟ್ಟರೆ ಸಾಲದು, ಒಳಗೆ ಹೋಗೋ ಧೈರ್ಯವನ್ನೂ ಮನೆಯಲ್ಲೇ ಕೊಟ್ಟು ಕಳಿಸಿ.