ಕೇಳುಗನೇನು ಕುರಿಯೇ?

ರೇಡಿಯೋದ ಪ್ರಸ್ತಾಪ ಬಂದಲ್ಲೆಲ್ಲ ನಮ್ಮ ಭಾಷಣಕಾರರು ಒಂದು ಕತೆ ಹೇಳುತ್ತಾರೆ. 1938ರಲ್ಲಿ ಅಮೆರಿಕದ ರೇಡಿಯೋದಲ್ಲಿ ಮಂಗಳಗ್ರಹದವರ ದಾಳಿಯ ನಾಟಕ ಬಂತಂತೆ. ನಿಜವೆಂದು ನಂಬಿ ದೇಶಕ್ಕೆ ದೇಶವೇ ಬೀದಿಗಿಳಿದು ಓಡಿತಂತೆ. ಕತೆಯ ನೀತಿ: ಜನಸಾಮಾನ್ಯರು ಕುರಿಮಂದೆ, ಅವರ ಕಿವಿಗೆ ಏನು ಬೀಳಬೇಕೆಂಬುದನ್ನು ಬಲ್ಲವರೇ ತೀರ್ಮಾನಿಸಬೇಕು. ಈ 'ಅಂತೆ'ಗಳ ಲೆಕ್ಕವನ್ನು ಒಮ್ಮೆ ತಾಳೆ ನೋಡೋಣ. ಬ್ಯಾಂಕ್ ಗುಮಾಸ್ತನಾದ ನನಗೆ ಬರುವ ವಿದ್ಯೆ ಅದೊಂದೇ.

ನಾಟಕ ಬಿತ್ತರವಾದದ್ದು ಅಕ್ಟೋಬರ್ 30ರ ಭಾನುವಾರ ರಾತ್ರಿ, ಸಿ.ಬಿ.ಎಸ್. ಜಾಲದಲ್ಲಿ. ಎಚ್.ಜಿ. ವೆಲ್ಸರ 1898ರ ಕಾದಂಬರಿಯನ್ನು ರೇಡಿಯೋಕ್ಕೆ ಹೊಂದಿಸಿದವರು ಹೊವಾರ್ಡ್ ಕೋಚ್. ನಿರ್ದೇಶಿಸಿ ನಟಿಸಿದವರು 23ರ ಹರೆಯದ ಆರ್ಸನ್ ವೆಲ್ಸ್. ಇದು ನಾಟಕವೆಂದು ಆರಂಭದಲ್ಲೂ ನಡುವೆಯೂ ಕೊನೆಯಲ್ಲೂ ಸಾರಿದ್ದರು. ಆ ರಾತ್ರಿ 5,000 ಮನೆಗಳಿಗೆ ಫೋನ್ ಮಾಡಿದ ಸಮೀಕ್ಷೆಯಲ್ಲಿ ಇದನ್ನು ಕೇಳುತ್ತಿದ್ದವರು ಶೇಕಡಾ 2 ಮಾತ್ರ! ಹೆದರಿದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿದವರು ಹತ್ತು ಲಕ್ಷವೆಂದು ಅಂದಾಜಿಸಿದ ಹ್ಯಾಡ್ಲಿ ಕ್ಯಾಂಟ್ರಿಲ್ ಅವರ 1940ರ ಗ್ರಂಥಕ್ಕಾಗಿ ವಿವರವಾಗಿ ಮಾತಾಡಿಸಿದ್ದು 135 ಮಂದಿಯನ್ನು. ಅವರಲ್ಲಿ ನೂರಕ್ಕೂ ಹೆಚ್ಚಿನವರನ್ನು ಆರಿಸಿದ್ದೇ ಹೆದರಿದವರೆಂಬ ಕಾರಣಕ್ಕೆ. ಮರುದಿನ ಗದ್ದಲವೆಬ್ಬಿಸಿದವು ಪತ್ರಿಕೆಗಳು. ತಮ್ಮ ಜಾಹೀರಾತಿನ ಅನ್ನಕ್ಕೆ ಕೈಹಾಕಿದ ರೇಡಿಯೋದ ಮೇಲೆ ಅವಕ್ಕೆ ಸಿಟ್ಟಿತ್ತು.

ಹಾಗಾದರೆ ಕ್ವಿಟೋ, ಎನ್ನುವವರಿದ್ದಾರೆ. 1949ರಲ್ಲಿ ಈಕ್ವೆಡಾರಿನ ಆ ನಗರದಲ್ಲಿ ಇದೇ ಕತೆ ಕೇಳಿದ ಜನ ನಿಲಯವಿದ್ದ ಕಟ್ಟಡಕ್ಕೆ ಬೆಂಕಿಯಿಟ್ಟರು, ಪ್ರಾಣಹಾನಿಯಾಯಿತು. ಆ ಬೆಂಕಿಗೆ ಸಮರ್ಥನೆಯಿಲ್ಲ. ಆದರೆ ಅಲ್ಲಿ ನಾಟಕವೆಂಬ ಮುನ್ಸೂಚನೆಯಿರಲಿಲ್ಲ; ಜನ ಕೆರಳಿದ್ದು ಮೋಸ ತಿಳಿದ ಮೇಲೆ.

ಇನ್ನೂ ದೊಡ್ಡ ಕೇಡೆಂದರೆ, ಈ ದಂತಕತೆ ನಾಟಕವನ್ನೇ ನುಂಗಿಬಿಟ್ಟಿದೆ. ಕಾಲೇಜು ದಿನಗಳಲ್ಲಿ ಕ್ಯಾಸೆಟ್ಟಿನಲ್ಲಿ ಕೇಳಿದಾಗ ನನ್ನನ್ನು ಸೆಳೆದದ್ದು ಮೊದಲ ಭಾಗದ ಹುಸಿ ವಾರ್ತೆಗಳು. ಈಚೆಗೆ ಮತ್ತೆ ಕೇಳಿದೆ. ವರದಿಗಾರನ ದನಿ ತಟ್ಟನೆ ಕಡಿದಾಗಿನ ಮೌನ ಈಗಲೂ ಎದೆ ನಡುಗಿಸುತ್ತದೆ. ಆದರೆ ಈ ವಯಸ್ಸಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾರೂ ನೆನೆಯದ ಎರಡನೆಯ ಭಾಗ. ಅಲ್ಲಿ ವಾರ್ತೆಯಿಲ್ಲ. ಬದುಕುಳಿದ ಪ್ರೊಫೆಸರೊಬ್ಬ ಹಾಳುಬಿದ್ದ ಊರುಗಳಲ್ಲಿ ನಡೆಯುತ್ತ ತನ್ನಷ್ಟಕ್ಕೆ ಮಾತಾಡುತ್ತಾನೆ. ದಾರಿಯಲ್ಲಿ ಸಿಕ್ಕ ಒಬ್ಬಾತ ಮಂಗಳದವರ ಯಂತ್ರಗಳನ್ನು ಕಸಿದು ಮನುಷ್ಯರ ಮೇಲೂ ತಿರುಗಿಸಿ ಆಳುವ ಕನಸು ಕಾಣುತ್ತಾನೆ. ಪ್ರೊಫೆಸರ್ ಅವನನ್ನು ಬಿಟ್ಟು ಮುಂದೆ ನಡೆಯುತ್ತಾನೆ. ಯುರೋಪು ಯುದ್ಧದ ಅಂಚಿನಲ್ಲಿದ್ದ ಆ ವರ್ಷ ಇಂತಹ ದೃಶ್ಯವನ್ನು ಮನೆಮನೆಗೆ ಕೇಳಿಸಿದ್ದು ಸಣ್ಣ ಸಂಗತಿಯೇ? ಜನರನ್ನು ಕುರಿಗಳೆಂದು ಬಗೆದವರು ಬರೆಯುವ ನಾಟಕ ಇದಲ್ಲ.

ಮಾನಂದವಾಡಿಯಲ್ಲಿ ಕುಳಿತು ಇದನ್ನೇಕೆ ಹೇಳಬೇಕು? ನಮ್ಮ ದ್ವಾರಕದ ಸಮುದಾಯ ಬಾನುಲಿ 'ಮಾಟ್ಟೊಲಿ' 2009ರಿಂದ ನಡೆಯುತ್ತಿದೆ; ಆದಿವಾಸಿ ನುಡಿಗಳಲ್ಲೂ ಮಾತಾಡುತ್ತದೆ. ಆದರೆ ಇಂತಹ ನಿಲಯಗಳು ತಾವೇ ಸಿದ್ಧಪಡಿಸಿದ ವಾರ್ತೆ ಓದಲು ದೇಶದ ನಿಯಮ ಬಿಡುವುದಿಲ್ಲ. ಪತ್ರಿಕೆಗೆ ಇಲ್ಲದ ಬೇಲಿ, ಟಿ.ವಿ.ಗೆ ಇಲ್ಲದ ಬೇಲಿ ಬಾನುಲಿಗೆ ಮಾತ್ರ ಏಕೆ? ಬೇರು ಅದೇ ಕುರಿಮಂದೆಯ ಕತೆಯಲ್ಲಿದೆ. ಬೆಳಿಗ್ಗೆ ಮಲಯಾಳದಲ್ಲಿ ಕೇಳಿದ ಸುದ್ದಿಯನ್ನು ಸಂಜೆ ಕನ್ನಡದಲ್ಲಿ ತಾಳೆ ನೋಡುವ ಗಡಿನಾಡಿನವರಿಗೆ ನಿಜವನ್ನೂ ನಾಟಕವನ್ನೂ ಬೇರೆಯವರು ಸೋಸಿ ಕೊಡಬೇಕಾಗಿಲ್ಲ.

ಭಾಷಣಕಾರರಲ್ಲಿ ಒಂದು ಬಿನ್ನಹ. ಇನ್ನೊಮ್ಮೆ ಈ ಕತೆ ಹೇಳುವ ಮುನ್ನ ಆ ಒಂದು ಗಂಟೆಯ ನಾಟಕವನ್ನು ಕೊನೆಯವರೆಗೂ ಕೇಳಿ. ಕೇಳುವುದನ್ನು ಕಲಿಯಬೇಕಾದವರು ಕೇಳುಗರಲ್ಲ.